ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಕ್ಕೆ ಗೊಬ್ಬರ ಯಾಕೆ ಬೇಕು?

ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪ್ರಾಕ್ಟಿಕಲ್ ಮಾಡಿಸುತ್ತೇನೆ. ನನಗೆ ತುಂಬಾ ಇಷ್ಟವಾದ ಪ್ರಯೋಗ ಒಂದಿದೆ. ಕಾರವಾರದಿಂದ ತರಿಸಿದ ಸಮುದ್ರದ ನೀರಿಗೆ ಸ್ವಲ್ಪ ಡೀಸೆಲ್ ಹಾಕಿ, ಏನಾಗುತ್ತದೆ ಅಂತ ನೋಡುವುದು.

"ಯಾವ ಬ್ಯಾಕ್ಟೀರಿಯಾ ಹಾಕೂದ್ರಿ ಸರ್?" ಅಂತ ಹುಡುಗರು ಕೇಳುತ್ತಾರೆ. ಯಾವುದೂ ಹಾಕುವುದಿಲ್ಲ. ಎಣ್ಣೆ ತಿನ್ನುವ ಅಲ್ಕಾನಿವೊರಾಕ್ಸ್, ಸೈಕ್ಲೋಕ್ಲಾಸ್ಟಿಕಸ್‌ನಂಥವು ಸಮುದ್ರದಲ್ಲಿ ಮೊದಲೇ ಇರುತ್ತವೆ. ಸುಮ್ನೆ ಬೆರಳೆಣಿಕೆಯಷ್ಟು. ಎಣ್ಣೆ ಸಿಕ್ಕಿತೋ, ಹೆಚ್ಚಿಕೊಳ್ಳುತ್ತವೆ.

ಮೂರು ಫ್ಲಾಸ್ಕ್ ಇಡುತ್ತೇವೆ. ಒಂದರಲ್ಲಿ ಬರೀ ನೀರು, ಡೀಸೆಲ್. ಎರಡನೆಯದಕ್ಕೆ ಗೊಬ್ಬರವಾಗಿ ಅಮೋನಿಯಂ ನೈಟ್ರೇಟ್, ಫಾಸ್ಫೇಟ್ ಕೂಡ. ಮೂರನೆಯದೂ ಹಾಗೇ, ಆದರೆ ಡೀಸೆಲ್ ಹಾಕುವ ಮುಂಚೆ ಆಟೋಕ್ಲೇವ್‌ನಲ್ಲಿ ಬೇಯಿಸಿ ಜೀವಿಗಳನ್ನೆಲ್ಲ ಕೊಂದದ್ದು. ಮೂರೂ ಶೇಕರ್ ಮೇಲೆ, ಅಂದರೆ ಫ್ಲಾಸ್ಕನ್ನು ಅಲುಗಾಡಿಸುತ್ತಲೇ ಇರುವ ಯಂತ್ರದ ಮೇಲೆ.

ಕೆಲವು ದಿನಕ್ಕೆ ಎರಡನೆಯದು ಮಬ್ಬಾಗುತ್ತದೆ. ಮೇಲಿನ ಎಣ್ಣೆಯ ಪದರ ಸಣ್ಣ ಸಣ್ಣ ಹನಿಯಾಗಿ ಒಡೆಯುತ್ತದೆ. ಬ್ಯಾಕ್ಟೀರಿಯಾಗಳೇ ಸೋಪಿನಂಥ ವಸ್ತು ಬಿಟ್ಟು ಒಡೆಯುತ್ತವೆ. ಮೊದಲನೆಯದರಲ್ಲಿ ಅಷ್ಟು ಬದಲಾವಣೆ ಕಾಣುವುದಿಲ್ಲ. ಡೀಸೆಲ್ ಅಂದರೆ ಬಹುಪಾಲು ಕಾರ್ಬನ್, ಹೈಡ್ರೋಜನ್. ಹೊಸ ಜೀವಕೋಶ ಕಟ್ಟಲು ಸಾರಜನಕ, ರಂಜಕವೂ ಬೇಕಲ್ವಾ? 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಸೋರಿದಾಗ ದಡದ ಕಲ್ಲುಗಳ ಮೇಲೆ ಗೊಬ್ಬರ ಹಾಕಿದ್ದು ಇದೇ ಕಾರಣಕ್ಕೆ.

ಮೂರನೆಯ ಫ್ಲಾಸ್ಕ್ ಬೇಡ ಅಂತ ಹಟ ಮಾಡುವವರು ಇದ್ದೇ ಇರುತ್ತಾರೆ. ನಾನು ಒಪ್ಪುವುದಿಲ್ಲ. ಜೀವವೇ ಇಲ್ಲದ ಆ ನೀರಿನಲ್ಲೂ ಡೀಸೆಲ್ ಕಡಿಮೆಯಾಗುತ್ತದೆ, ಹಗುರ ಅಂಶ ಆವಿಯಾಗಿ ಹೋಗುತ್ತದೆ. ಅದನ್ನು ಕಳೆದು ಉಳಿದದ್ದಷ್ಟೇ ಬ್ಯಾಕ್ಟೀರಿಯಾದ ದುಡಿಮೆ. ಮಾರುಕಟ್ಟೆಯಲ್ಲಿ ಯಾರಾದರೂ ಎಣ್ಣೆ ತಿನ್ನುವ ಪುಡಿ ಮಾರಲು ಬಂದರೆ ನಾನು ಮೊದಲು ಕೇಳುವುದು ಈ ಲೆಕ್ಕವನ್ನೇ.

ಶೇಕರ್ ನಿಲ್ಲಿಸಿದರೆ ಏನಾಗುತ್ತದೆ ಅಂತಲೂ ತೋರಿಸುತ್ತೇನೆ. ಗಾಳಿ ಬೆರೆಯುವುದು ಕಡಿಮೆಯಾಗಿ ಕೆಲಸ ನಿಧಾನವಾಗುತ್ತದೆ. ಆಮ್ಲಜನಕವಿಲ್ಲದೆಯೂ ಎಣ್ಣೆ ಕರಗಿಸುವ ಜೀವಿಗಳಿವೆ, ಆದರೆ ಬಹಳ ನಿಧಾನ. ಅಲಾಸ್ಕಾದ ಕೆಲವು ದಡಗಳಲ್ಲಿ ಕಲ್ಲಿನಡಿ ಸಿಕ್ಕಿಕೊಂಡ ತೈಲ ಎಷ್ಟೋ ವರ್ಷ ಹಾಗೇ ಉಳಿಯಿತು. ಕಾರವಾರದ ಕಾಳಿ ನದಿಯ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿದೆ, ಕೆಳಗೆಲ್ಲ ಗಾಳಿಯಾಡದ ಕೆಸರು. ಅಲ್ಲಿಗೆ ಎಣ್ಣೆ ನುಗ್ಗಿದ ಮೇಲೆ ಬ್ಯಾಕ್ಟೀರಿಯಾ ನೋಡಿಕೊಳ್ಳುತ್ತವೆ ಅಂತ ಕೂರುವಂತಿಲ್ಲ. ತೇಲುವ ತಡೆ ಹಾಕಿ ನೀರಿನ ಮೇಲಿರುವಾಗಲೇ ಎತ್ತಿಬಿಡಬೇಕು.