ತಾನಾಗೇ ಬಿಟ್ಲು ಅಂದ್ರೆ ಮುಗೀತಾ?

ಶಿವಮೊಗ್ಗದಲ್ಲಿ ಗಾರ್ಮೆಂಟ್ಸ್ ಕೆಲ್ಸ ಮಾಡ್ತಿದ್ದ ನನ್ ಫ್ರೆಂಡು ಕೆಲ್ಸ ಬಿಟ್ಟು ತೀರ್ಥಹಳ್ಳಿ ಕಡೆ ತೌರಿಗೆ ಹೋದ್ಲು, ಯಾಕಂದ್ರೆ ಗಂಡ ಶಿಫ್ಟ್ ಬಿಡೋ ಹೊತ್ತಿಗೆ ಕುಡ್ಕೊಂಡು ಗೇಟ್ ಹತ್ರ ಬಂದು ನಿಂತಿರೋನು, ಬಸ್ ಹತ್ತಕ್ಕೂ ಬಿಡ್ತಿರ್ಲಿಲ್ಲ. ರಾಜೀನಾಮೇಲಿ 'ಸ್ವಂತ ಕಾರಣ' ಅಂತ ಬರೆದ್ಲು, ಇನ್ನೇನ್ ಬರೀತಾಳೆ ಪಾಪ. ಈಗ ಅಡಿಕೆ ಸುಲಿಯಕ್ಕೆ ಹೋಗ್ತಾಳೆ.

ಇಎಸ್‌ಐ, ಅಂದ್ರೆ ಸಂಬಳದಲ್ಲಿ ಹಿಡಿಯೋ ಕಾರ್ಮಿಕರ ವಿಮೆ, ಇದ್ದೋರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೇಲಿ ಕೆಲ್ಸ ಹೋದ್ರೆ 90 ದಿನದವರೆಗೆ ದುಡ್ಡು ಸಿಗುತ್ತೆ, ಆದ್ರೆ ತಾನಾಗೇ ಬಿಟ್ಟೋರಿಗಿಲ್ಲ. ಹೊಡೆತ ತಪ್ಪಿಸ್ಕೊಳ್ಳಕ್ಕೆ ಓಡಿದ್ದು 'ತಾನಾಗೇ' ಹೆಂಗಾಗುತ್ತೆ ಮಾರಾಯ್ರೆ? ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಇಂಥೋರಿಗೂ ನಿರುದ್ಯೋಗ ಭತ್ಯೆ ಕೊಡ್ತಾರೆ. ನಮ್ಮಲ್ಲಿ 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಹೋದ ಸಂಬಳಾನ ಗಂಡನಿಂದ ಕೊಡ್ಸಿ ಅಂತ ಮ್ಯಾಜಿಸ್ಟ್ರೇಟ್ ಹತ್ರ ಕೇಳ್ಬಹುದು, ಸರಿ, ಆ ಕುಡುಕನ್ ಜೇಬಲ್ಲಿ ಏನಿರುತ್ತೆ ಹೇಳಿ. ಆದ್ರೂ ಅರ್ಜಿ ಹಾಕು ಅಂದಿದೀನಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸ್ರಿಗೆ ವಕೀಲರು ಫ್ರೀ.