ಮಲ್ಟಿಮೀಟರ್ ಬೀಪ್ ಅಂತು, ನಾನು ನಂಬ್ದೆ: ಓಮ್ನಿ ಎರಡನೇ ಬ್ಯಾಟರಿ ಕಥೆ

ಅಂತೂ ಸಿಕ್ತು ಮಾರಾಯ್ರೆ. ಮೂರು ವಾರ ನನ್ನ ಆಟ ಆಡಿಸಿದ್ದು ಒಂದು ಬೋಲ್ಟು.

ಕಾರವಾರದಿಂದ ಕುಮಟಾ, ದೇವಿಮನೆ ಘಾಟಿ ಹತ್ತಿ ಶಿರಸಿ ಮುಟ್ಟೋದ್ರೊಳಗೆ ಫ್ರಿಜ್ ಓಡಿಸೋಕೆ ಅಂತ ಗಾಡಿ ಹಿಂಬದಿಗೆ ಹಾಕಿದ್ದ ಎರಡನೇ ಬ್ಯಾಟರಿ (100 ಆಂಪಿಯರ್ ಅವರ್, ಎಜಿಎಂ ಅಂದ್ರೆ ಸೀಲ್ ಮಾಡಿದ ಲೆಡ್ ಆಸಿಡ್ ನಮೂನೆ) ಮುಕ್ಕಾಲಾದ್ರೂ ತುಂಬ್ಬೇಕಿತ್ತು, ಆದ್ರೆ ರಾತ್ರಿ ಹನ್ನೊಂದಕ್ಕೇ ಫ್ರಿಜ್ ಲೋ ವೋಲ್ಟೇಜ್ ಅಂತ ಆಫ್, ಒಳಗಿದ್ದ ಬಂಗಡೆ ಗತಿ ಕೇಳ್ಬೇಡಿ. ಎಂಜಿನ್ ಓಡ್ತಿರುವಾಗ ಮುಂದಿನ ಬ್ಯಾಟರಿ ಮೇಲೆ 14.2 ವೋಲ್ಟ್, ಹಿಂದಿಂದ್ರ ಮೇಲೆ 13.3. ಆಲ್ಟರ್ನೇಟರ್ (ಎಂಜಿನ್ ತಿರುಗಿಸೋ, ಬ್ಯಾಟರಿ ತುಂಬಿಸೋ ಡೈನಮೋ) ಹೋಗಿದೆ ಅಂದ ಗ್ಯಾರೇಜಿನವ. 14.2 ಎದ್ರಿಗೆ ಕಾಣ್ತಾ ಇರುವಾಗ ಹೋಗಿದ್ದು ಎಂತ? ಎರಡೂ ಬ್ಯಾಟರಿ ಜೋಡಿಸೋ ಸ್ವಿಚ್ಚು, ಅದೇ ರಿಲೇ, ಬದಲಾಯಿಸ್ದೆ, ಫ್ಯೂಸ್ ಹೋಲ್ಡರ್ ಬದಲಾಯಿಸ್ದೆ, ದುಡ್ಡು ಹೋಯ್ತು, 13.3 ಹೋಗ್ಲಿಲ್ಲ.

ಮೊದಲ ಕಳ್ಳ ಸಿಕ್ಕಿದ್ದು ವೈರ್ ತುದಿಯ ಲೋಹದ ಬಳೆ, ಅಂದ್ರೆ ಲಗ್ ಬಿಚ್ಚಿದಾಗ. 6 ಸ್ಕ್ವೇರ್ ಎಂಎಂ ಪ್ಯೂರ್ ಕಾಪರ್ ಅಂತ ಅಂಗಡಿಯವ ಎದೆ ಮುಟ್ಕೊಂಡು ಕೊಟ್ಟಿದ್ದ ವೈರನ್ನ ಚಾಕುವಲ್ಲಿ ಕೆರೆದ್ರೆ ಒಳಗೆ ಬೆಳ್ಳಗೆ! ಅಲ್ಯೂಮಿನಿಯಂ ಮೇಲೆ ತಾಮ್ರದ ಬಣ್ಣ ಅಷ್ಟೇ. ವಾಪಸ್ ಒಯ್ದ್ರೆ "ಕಂಪನಿಯಿಂದ್ಲೇ ಹಾಗೆ ಬರೋದು ಸರ್" ಅಂತ. 20 ಆಂಪ್‌ನಲ್ಲಿ ಅದೊಂದೇ 0.3 ವೋಲ್ಟ್ ತಿಂತಿತ್ತು.

ಆದ್ರೆ ಒಟ್ಟು ಕಮ್ಮಿ ಬೀಳ್ತಿದ್ದಿದ್ದು 0.9. ಉಳಿದ 0.6 ಎಲ್ಲಿ?

ಮೈನಸ್ ಬದಿಗೆ ನಾನು ವೈರ್ ಎಳೆದಿರ್ಲಿಲ್ಲ, ಎಲ್ಲರ ಹಾಗೆ ಗಾಡಿಯ ಕಬ್ಬಿಣದ ಬಾಡಿಗೇ ಬೋಲ್ಟಲ್ಲಿ ಲಗ್ ಬಿಗಿದು ಅರ್ಥ್ ಕೊಟ್ಟಿದ್ದೆ. ಹತ್ತು ಸಲ ಚೆಕ್ ಮಾಡಿದೀನಿ ಅದನ್ನ, ಪ್ರತಿ ಸಲ ಬೀಪ್. ಬೀಪ್ ಅಂದ್ರೆ ಸರಿ ಇದೆ ಅಂತ ಲೆಕ್ಕ, ಅಲ್ವಾ? ಅಲ್ಲ. ಆ ಬೋಲ್ಟಿನ ಜಾಗದ ರೆಸಿಸ್ಟೆನ್ಸ್ ಬರೀ 30 ಮಿಲಿಓಮ್ (0.03 ಓಮ್), ನಮ್ಮ ಐನೂರು ರೂಪಾಯಿ ಮೀಟರಿಗೆ ಅದು ಸೊನ್ನೇನೇ, ಆದ್ರೆ 20 ಆಂಪ್ ಹರಿದ್ರೆ 0.6 ವೋಲ್ಟ್ ಅಲ್ಲೇ ಖಲಾಸ್, 12 ವ್ಯಾಟ್ ಬಿಸಿ ಬೇರೆ. ಎಂಜಿನ್ ಚಾಲೂ ಇಟ್ಟು, ಚಾರ್ಜ್ ಆಗ್ತಾ ಇರುವಾಗ್ಲೇ ಒಂದು ಪ್ರೋಬ್ ಮುಂದಿನ ಮೈನಸ್ಸಿಗೆ, ಇನ್ನೊಂದು ಹಿಂದಿನ ಮೈನಸ್ಸಿಗೆ ಹಿಡಿದ್ರೆ ಮಾತ್ರ ಗೊತ್ತಾಗೋದು. ನಾನು ಹಿಡಿದಿದ್ದು ಮೂರನೇ ವಾರ. ಬೋಲ್ಟು ಮುಟ್ಟಿದ್ರೆ ಬೆಚ್ಚಗಿತ್ತು, ಬಿಚ್ಚಿದ್ರೆ ವಾಷರ್ ಅಡಿಗೆ ಕೆಂಪು ಪುಡಿ. ಸಮುದ್ರದಿಂದ ಕೂಗಳತೆಯಲ್ಲಿ ಗಾಡಿ ನಿಲ್ಲಿಸಿ, ಪೇಂಟ್ ಮೇಲೇ ಲಗ್ ಬಿಗಿದ ಜಾಣ ನಾನೇ, ಅಂಗಡಿಯವನ ಮೇಲೆ ಇದನ್ನೂ ಹಾಕೋಕಾಗಲ್ಲ.

ಈಗ ಪ್ಲಸ್ ಮೈನಸ್ ಎರಡೂ 16 ಸ್ಕ್ವೇರ್, ನಿಜವಾದ ತಾಮ್ರ (ಅಂಗಡಿಯಲ್ಲೇ ಕೆರೆದು ನೋಡಿ ತಂದಿದ್ದು, ಅವನಿಗೆ ಸಿಟ್ಟು ಬಂತು, ಬರ್ಲಿ), ತವರ ಲೇಪದ ಲಗ್, ಬಿಗಿ ಮಾಡಿದ ಮೇಲೆ ವ್ಯಾಸಲೀನ್. ಹಿಂದಿನ ಬ್ಯಾಟರಿ ಮೇಲೆ ಈಗ 13.95! ನಿನ್ನೆ ದೇವಬಾಗದಲ್ಲಿ ಫ್ರಿಜ್ ಬೆಳಗಿನ ತನಕ ಓಡ್ತು.

ಮುಂದಿನ ಕೆಲಸ, ಹಿಂದಿನ ಬ್ಯಾಟರಿ ತೆಗೆದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕೋದು. ಅದನ್ನ ಹೀಗೆ ಬರೀ ರಿಲೇ ಮೇಲೆ ಬಿಡೋ ಹಾಗಿಲ್ಲ, ಸಿಕ್ಕಷ್ಟು ಕರೆಂಟ್ ಎಳೆಯತ್ತೆ, ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಾಕೊಂಡು ನಿಧಾನ ಹೋಗುವಾಗ ಆಲ್ಟರ್ನೇಟರಿಗೆ ಗಾಳಿನೂ ಇರಲ್ಲ, ಸುಟ್ಟೇ ಹೋಗಬಹುದು. ಹಾಗಾಗಿ ಎರಡು ಬ್ಯಾಟರಿ ನಡುವೆ ಕರೆಂಟಿಗೆ ಮಿತಿ ಹಾಕೋ 20 ಆಂಪಿನ ಡಿಸಿ ಡಿಸಿ ಚಾರ್ಜರ್. ಸೋಲಾರ್ ಹಾಕು ಅಂತೀರಿ, ಜುಲೈ ತಿಂಗಳಲ್ಲಿ ಇಲ್ಲಿ ಬಂದು ಸೂರ್ಯನ್ನ ತೋರಿಸಿ, ಆಮೇಲೆ ಮಾತಾಡುವ.

ಅದಕ್ಕಿಂತ ಮುಂಚೆ ಒಂದು ಅರ್ಜೆಂಟ್. ಬರೋ ವಾರ ಶಿರಸಿಯಲ್ಲಿ ಭಟ್ರ ಮನೆ ಅಂಗಳದಲ್ಲೇ ಗಾಡಿ ನಿಲ್ಲಿಸ್ಬೇಕು. ಫ್ರಿಜ್ಜಿಂದ ಬಂಗಡೆ ವಾಸನೆ ಹೋಗೋಕೆ ಎಂತ ಹಾಕ್ತೀರಿ?