ಮೋಟರ್ ಹಾಕಿದಾಗ ಆಫ್ ಆಗುತ್ತಿದ್ದ ಕಂಪ್ಯೂಟರ್

ಕೆಲಸದ ನಡುವೆ ಡೆಸ್ಕ್‌ಟಾಪ್ ಕಂಪ್ಯೂಟರ್ ಇದ್ದಕ್ಕಿದ್ದಂತೆ ಆಫ್ ಆಗುತ್ತಿದೆ ಎಂದರೆ ರಿಪೇರಿಯವರು ಸಾಮಾನ್ಯವಾಗಿ ಎರಡೇ ಮಾತು ಹೇಳುತ್ತಾರೆ: ಫಾರ್ಮ್ಯಾಟ್ ಮಾಡಬೇಕು, ಇಲ್ಲವೇ ಮದರ್‌ಬೋರ್ಡ್ ಹೋಗಿದೆ. ಇವುಗಳಲ್ಲಿ ಯಾವುದಕ್ಕಾದರೂ ಒಪ್ಪಿ ಹಣ ಕೊಡುವ ಮೊದಲು, ಅದು ಎಷ್ಟು ಹೊತ್ತಿಗೆ ಆಫ್ ಆಯಿತು, ಆಗ ಮನೆಯಲ್ಲಿ ಬೇರೆ ಏನು ನಡೆಯುತ್ತಿತ್ತು ಎಂಬುದನ್ನು ಕೆಲವು ದಿನ ಹಾಳೆಯೊಂದರಲ್ಲಿ ಬರೆದಿಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೂಡಿಗೆರೆಯ ಹತ್ತಿರ ಕಾಫಿ ತೋಟ ನೋಡಿಕೊಳ್ಳುವ ನಮ್ಮ ಭಾವನವರು ತೋಟದ ಲೆಕ್ಕ ಬರೆಯುವ ಕಂಪ್ಯೂಟರಿನ ತೊಂದರೆ ಬಗೆಹರಿದದ್ದು ಅಂಥ ಒಂದು ಹಾಳೆಯಿಂದಲೇ.

ವಿಂಡೋಸ್ ಕೂಡ ತನ್ನದೇ ದಾಖಲೆ ಇಟ್ಟುಕೊಂಡಿರುತ್ತದೆ. ಈವೆಂಟ್ ವ್ಯೂವರ್ ತೆರೆದು ಸಿಸ್ಟಂ ವಿಭಾಗದಲ್ಲಿ ನೋಡಿದಾಗ 1074 ಎಂಬ ಸಂಖ್ಯೆ ಸಿಕ್ಕರೆ, ಯಾರೋ ಒಬ್ಬರು ಅಥವಾ ಯಾವುದೋ ಒಂದು ಪ್ರೋಗ್ರಾಂ ಕ್ರಮಬದ್ಧವಾಗಿಯೇ ಶಟ್‌ಡೌನ್ ಮಾಡಿಸಿದೆ ಎಂದರ್ಥ. ಕರ್ನಲ್-ಪವರ್ 41 ಎಂದಿದ್ದರೆ ಕಂಪ್ಯೂಟರ್ ಸರಿಯಾಗಿ ಮುಚ್ಚಿಕೊಳ್ಳದೆ ನಿಂತಿದೆ. ಈ 41 ಅನ್ನೇ ರೋಗವೆಂದು ತಿಳಿಯುವವರು ಬಹಳ ಮಂದಿ. ಆದರೆ ಅದು ಮತ್ತೆ ಆನ್ ಆದ ಮೇಲೆ ಬರೆದ ಟಿಪ್ಪಣಿ ಮಾತ್ರ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ 0 ಎಂದಿದ್ದರೆ ನೀಲಿ ಪರದೆಯ ದೋಷ ದಾಖಲಾಗಿಲ್ಲ ಎಂದಾಗುತ್ತದೆ, ಆಗ ಅನುಮಾನ ಬಿಸಿಯ ಕಡೆಗೋ ಕರೆಂಟಿನ ಕಡೆಗೋ ತಿರುಗಬೇಕು. ಭಾವನವರ ಕಂಪ್ಯೂಟರಿನಲ್ಲಿ ಸೊನ್ನೆಯೇ ಇತ್ತು.

ಬಿಸಿಯ ವಿಚಾರವನ್ನು ಬೇಗ ಮುಗಿಸಬಹುದು. ಇಂಟೆಲ್‌ನ ಬಹುಪಾಲು ಪ್ರೊಸೆಸರ್‌ಗಳು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಮೊದಲು ತಮ್ಮ ವೇಗ ತಗ್ಗಿಸಿಕೊಳ್ಳುತ್ತವೆ, ಅದರಿಂದಲೂ ಬಿಸಿ ಇಳಿಯದಿದ್ದರೆ ಮಾತ್ರ ಆಫ್ ಆಗುತ್ತವೆ. ಆದ್ದರಿಂದ ಬಿಸಿಯೇ ಕಾರಣವಾಗಿದ್ದರೆ ಫ್ಯಾನಿನ ಸದ್ದು ಏರುವುದು, ಕೆಲಸ ನಿಧಾನವಾಗುವುದು ಮೊದಲಾದ ಸೂಚನೆಗಳು ಮುಂಚೆಯೇ ಕಾಣಿಸುತ್ತವೆ. ಪ್ರೊಸೆಸರಿನ ಬಿಸಿ ಹೊರಹಾಕುವ ಲೋಹದ ಹೀಟ್ ಸಿಂಕಿನ ಧೂಳು ತೆಗೆದು, ಅವೆರಡರ ನಡುವೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟನ್ನು ಹೊಸದಾಗಿ ಹಚ್ಚಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇಲ್ಲಿ ಅಂಥ ಸೂಚನೆ ಯಾವುದೂ ಇರಲಿಲ್ಲ. ಪವರ್ ಬಟನ್ ಒಳಗೆ ಸಿಕ್ಕಿಕೊಂಡು ನಾಲ್ಕು ಸೆಕೆಂಡು ಒತ್ತಿದಂತೆಯೇ ಉಳಿದರೂ ಕಂಪ್ಯೂಟರ್ ಆಫ್ ಆಗುತ್ತದೆ ಎಂಬ ಕಾರಣಕ್ಕೆ ಅದನ್ನೂ ಪರೀಕ್ಷಿಸಿದೆವು, ಅದು ಸರಿಯಾಗಿತ್ತು.

ಹಾಳೆಯಲ್ಲಿದ್ದ ಹೊತ್ತುಗಳನ್ನು ಭಾವನವರ ಮುಂದೆ ಓದಿದಾಗ ಅವರೇ ಹೇಳಿದರು: "ಇದು ಮೋಟರ್ ಹಾಕೋ ಹೊತ್ತಲ್ವಾ?" ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ರೊಬಸ್ಟಾ ಕಾಫಿ ಗಿಡಗಳಿಗೆ ಸ್ಪ್ರಿಂಕ್ಲರಿನಲ್ಲಿ ನೀರು ಹಾಯಿಸುತ್ತಿದ್ದ ದಿನಗಳವು. ದೊಡ್ಡ ಮೋಟರ್ ಚಾಲೂ ಆಗುವ ಗಳಿಗೆಯಲ್ಲಿ ತನ್ನ ಸಾಮಾನ್ಯ ಕರೆಂಟಿನ ಹಲವು ಪಟ್ಟು ಎಳೆಯುವುದರಿಂದ ಅದೇ ಲೈನಿನ ವೋಲ್ಟೇಜ್ ಕುಸಿಯುತ್ತದೆ. ಬಲ್ಬು ಒಮ್ಮೆ ಮಂಕಾಗಿ ಚೇತರಿಸಿಕೊಳ್ಳುತ್ತದೆ, ಕಂಪ್ಯೂಟರಿಗೆ ಅಷ್ಟು ಹೊತ್ತೇ ಹೆಚ್ಚಾಗಬಹುದು.

ಹಾಗಾದರೆ ಯುಪಿಎಸ್ ಏನು ಮಾಡುತ್ತಿತ್ತು? ಅದಕ್ಕೆ ಕಂಪ್ಯೂಟರಿನ ಬದಲು ಹಳೆಯ 100 ವ್ಯಾಟಿನ ಬಲ್ಬು ಜೋಡಿಸಿ ಗೋಡೆಯ ಪ್ಲಗ್ ಕಿತ್ತಾಗ ಬಲ್ಬು ತಕ್ಷಣ ಆರಿತು, ಅಂದರೆ ಬ್ಯಾಟರಿ ಸತ್ತಿತ್ತು. ಹೊಸ ಬ್ಯಾಟರಿ ಹಾಕಿದ ಮೇಲೆ ಬಲ್ಬು ಉರಿಯುತ್ತಲೇ ಇತ್ತು, ಆದರೆ ಕಂಪ್ಯೂಟರ್ ಜೋಡಿಸಿ ಅದೇ ಪರೀಕ್ಷೆ ಮಾಡಿದಾಗ ಮಾನಿಟರ್ ಉಳಿಯಿತು, ಕಂಪ್ಯೂಟರ್ ಮಾತ್ರ ಆಫ್ ಆಯಿತು. ಈ ಪ್ರಕರಣದಲ್ಲಿ ನನಗೆ ಅತ್ಯಂತ ಬೆಲೆಯುಳ್ಳ ಸುಳಿವೆನಿಸಿದ್ದು ಇದೇ. ಸಾಮಾನ್ಯ ಯುಪಿಎಸ್ ಲೈನಿನಿಂದ ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡು ಬೇಕು. ಆ ಅಂತರವನ್ನು ದಾಟಿಸಬೇಕಾದದ್ದು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯ ಒಳಗಿನ, ವಿದ್ಯುತ್ ಸಂಗ್ರಹಿಸಿಡುವ ದೊಡ್ಡ ಕೆಪಾಸಿಟರ್. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತಕ್ಕೆ (ಸೈಕಲ್) 20 ಮಿಲಿಸೆಕೆಂಡು ಹಿಡಿಯುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಪೂರ್ಣ ಹೊರೆಯಲ್ಲೂ ಸುಮಾರು 16 ಮಿಲಿಸೆಕೆಂಡು ತನ್ನ ಸಂಗ್ರಹದಿಂದಲೇ ನಡೆಸಬೇಕು. ಕೆಪಾಸಿಟರ್ ಒಣಗುತ್ತ ಬಂದಂತೆ ಆ ಅವಧಿ ಕುಗ್ಗುತ್ತದೆ.

ಮಲ್ಟಿಮೀಟರಿನಲ್ಲಿ 12 ವೋಲ್ಟಿನ ಹಳದಿ ತಂತಿ ಸರಿಯಾಗಿಯೇ ತೋರಿಸುತ್ತಿತ್ತು. 11.4ರಿಂದ 12.6ರವರೆಗೆ ಇದ್ದರೆ ಅದು ಮಿತಿಯೊಳಗೇ. ಆದರೆ ಮಿಲಿಸೆಕೆಂಡುಗಳ ಕುಸಿತವನ್ನು ಸಾಧಾರಣ ಮೀಟರ್ ಹಿಡಿಯಲಾರದು, ಆದ್ದರಿಂದ ಆ ಅಂಕಿಯನ್ನು ನಂಬಿ ಎಸ್‌ಎಂಪಿಎಸ್ ನಿರ್ದೋಷಿ ಎನ್ನುವಂತಿಲ್ಲ. ನನ್ನ ಕಂಪ್ಯೂಟರಿನ ಎಸ್‌ಎಂಪಿಎಸ್ ತಂದು ಜೋಡಿಸಿ ಪ್ಲಗ್ ಕಿತ್ತಾಗ ಭಾವನವರ ಕಂಪ್ಯೂಟರ್ ಕದಲಲಿಲ್ಲ. ಹಳೆಯದನ್ನು ಬಿಚ್ಚಿ ಕೆಪಾಸಿಟರ್ ಬದಲಿಸೋಣವೆಂದು ಅವರು ಕೇಳಿದರು, ನಾನು ಬೇಡವೆಂದೆ. ಅದರೊಳಗೆ 300 ವೋಲ್ಟಿಗೂ ಮೀರಿದ ವಿದ್ಯುತ್ ಪ್ಲಗ್ ಕಿತ್ತ ಮೇಲೂ ಕೆಲ ಹೊತ್ತು ಉಳಿದಿರಬಹುದು. ಅನುಭವವಿಲ್ಲದವರು ಅದನ್ನು ತೆರೆಯಲೇಬಾರದು.

ಚಿಕ್ಕಮಗಳೂರಿನಿಂದ ಹೊಸ ಎಸ್‌ಎಂಪಿಎಸ್ ತಂದು ಹಾಕಿದ್ದೇವೆ. ಮೋಟರ್ ಹಾಕಿದರೂ ಈಗ ಕಂಪ್ಯೂಟರ್ ನಡೆಯುತ್ತಿದೆ, ಆದರೆ ವೋಲ್ಟೇಜ್ ಇಳಿಯುವುದು ನಿಂತಿಲ್ಲ. ನೇರವಾಗಿ ಚಾಲೂ ಆಗುವ ಆ ಮೋಟರಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿದರೆ ಆರಂಭದ ಕರೆಂಟ್ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮುಂದಿನ ಬೇಸಿಗೆಯ ಮೊದಲು ಅದನ್ನು ಹಾಕಿಸಲು ಭಾವನವರು ಎಲೆಕ್ಟ್ರಿಷಿಯನ್‌ಗೆ ಹೇಳಿದ್ದಾರೆ.